ಹಂಡೆ ಮಸಿಯ ಗೆರೆ

ಕಪ್ಪು ಗೆರೆ ಹಿಡಿದು ತಾನೇ ಓಡುವ ಪುಟ್ಟ ಗಾಡಿಯೊಂದನ್ನು ಮಳವಳ್ಳಿಯ ನಮ್ಮ ಮನೆಯಲ್ಲಿ ಜೋಡಿಸುತ್ತಿದ್ದೆ. ಅದರ ಹೊಟ್ಟೆಯಡಿಯ ಇನ್‌ಫ್ರಾರೆಡ್ ಸೆನ್ಸರ್ ಕಣ್ಣಿಗೆ ಕಾಣದ ಬೆಳಕನ್ನು ನೆಲಕ್ಕೆ ಬಿಡುತ್ತದೆ. ಬಿಳಿ ಅದನ್ನು ವಾಪಸು ಕಳಿಸುತ್ತದೆ, ಕಪ್ಪು ನುಂಗುತ್ತದೆ. ಆದರೆ ಮದ್ದೂರಿನಿಂದ ತಂದ ಕಪ್ಪು ರಿಬ್ಬನ್ ಅಂಟಿಸಿದರೆ ಆ ದರಿದ್ರ ಸೆನ್ಸರ್ ಅದನ್ನೂ ಬಿಳಿಯೆಂದೇ ತಿಳಿಯಿತು. ಅದರ ಬಣ್ಣ ನಮ್ಮ ಕಣ್ಣಿಗಷ್ಟೇ ಕಪ್ಪು, ಆ ಬೆಳಕನ್ನು ನುಂಗದೆ ವಾಪಸು ಕಳಿಸುತ್ತಿತ್ತು. ಎರಡು ದಿನ ಒದ್ದಾಡಿದೆ.

ನೋಡುತ್ತಿದ್ದ ಅವ್ವ, "ಅಂಗ್ಡಿ ಕಪ್ಪು ಯಾಕ್ಲಾ? ಮಸಿಗಿಂತ ಕಪ್ಪು ಐತಾ?" ಎಂದಳು. ನೀರು ಕಾಯಿಸುವ ಹಂಡೆಯ ತಳದಿಂದ ಮಸಿ ಕೆರೆದು, ಗೋಂದಿನಲ್ಲಿ ಕಲಸಿ, ಹಳೆಯ ಫ್ಲೆಕ್ಸ್ ಬ್ಯಾನರಿನ ಬಿಳಿ ಬೆನ್ನಿನ ಮೇಲೆ ಬೆರಳಿನಿಂದಲೇ ಗೆರೆ ಎಳೆದಳು.

ಗಾಡಿ ಓಡಿತು! ಒಂದು ತಿರುವಿನಲ್ಲಿ ಮಾತ್ರ ಗಡಗಡ ನಡುಗಿತು. ಬಗ್ಗಿ ನೋಡಿದರೆ ಅಲ್ಲಿ ಗೆರೆಯೇ ಅಂಕುಡೊಂಕು.

"ಒಂದ್ ಗೆರೆ ನೆಟ್ಟಗೆ ಎಳಿಯಾಕ್ ಬರಕಿಲ್ವೇನವ್ವ ನಿಂಗೆ?" ಎಂದು ರೇಗಿದೆ.

"ಚಳಿ ಕಣ್ಲಾ," ಎಂದು ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಯುಗಾದಿ ಕಳೆದ ಬಿಸಿಲು ಅದು. ನನ್ನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಆದರೂ ನಾನು ತಲೆ ಎತ್ತಿ ಅವಳ ಮುಖ ನೋಡಲಿಲ್ಲ. ಗಾಡಿಯ ಸ್ಕ್ರೂ ತಿರುಗಿಸುತ್ತ ಕೂತೆ.

ಒಂದು ವರ್ಷದ ಮೇಲೆ ಮಂಡ್ಯದ ಡಾಕ್ಟರು ಅವಳ ಕೈ ಹಿಡಿದು, ಈ ನಡುಕ ಯಾವಾಗಿನಿಂದ ಎಂದು ಕೇಳಿದರು. "ಈಚೆಗೆ" ಎಂದುಬಿಟ್ಟೆ. ಅವ್ವ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಸೆರಗಿನೊಳಗೆ ಎಳೆದುಕೊಂಡಳು.

ಅವಳು ಹೋದ ಮೇಲೂ ಆ ಫ್ಲೆಕ್ಸನ್ನು ನಾನು ಎಸೆದಿಲ್ಲ. ಆಗಾಗ ಹಾಸಿ ಗಾಡಿ ಬಿಡುತ್ತೇನೆ. ನೆಟ್ಟಗೆ ಓಡುತ್ತದೆ, ಆ ತಿರುವಿಗೆ ಬಂದ ಕೂಡಲೇ ಅವ್ವನ ಕೈಯಾಗಿ ನಡುಗುತ್ತದೆ.