ಸಿಂಗಲ್ ಹ್ಯಾಂಡ್ ಮಾಲು

ನಮ್ಮೂರಿನಲ್ಲಿ ವಾಹನಕ್ಕೆ ಚಕ್ರಗಳಿಗಿಂತ ಕೈಗಳೇ ಮುಖ್ಯವೆಂಬುದನ್ನು ನೀವೂ ಗಮನಿಸಿರಬಹುದು. ಹಳೆಯ ಗಾಡಿಯೊಂದನ್ನು ಕಂಡ ಬೆಂಗಳೂರಿಗ ಅದರ ಎಂಜಿನ್ನಿನ ಆರೋಗ್ಯವನ್ನು ವಿಚಾರಿಸುವ ಮೊದಲು 'ಎಷ್ಟನೇ ಹ್ಯಾಂಡು?' ಎಂದು ಕೇಳುತ್ತಾನೆ. ಸೆಕೆಂಡ್ ಹ್ಯಾಂಡ್ ಎಂದರೆ ಯೋಚಿಸುತ್ತಾನೆ, ಥರ್ಡ್ ಹ್ಯಾಂಡ್ ಎಂದರೆ ಮೂಗು ಮುರಿಯುತ್ತಾನೆ, ಸಿಂಗಲ್ ಹ್ಯಾಂಡ್ ಎಂದರೆ ಮಾತ್ರ ಏಕಪತ್ನೀವ್ರತಸ್ಥನ ದರ್ಶನವಾದಂತೆ ಅವನ ಮುಖ ಅರಳುತ್ತದೆ. ಒಬ್ಬನೇ ಯಜಮಾನನ ಕೈಯಲ್ಲಿ ಬಾಳಿದ ಗಾಡಿ ಎಂದು ಅದರ ಅರ್ಥ. ಅರ್ಥ ಬಲ್ಲವನಾದ ನಾನೇ ಅದನ್ನು ಮರೆತು ಕೆಲವು ಕಾಲ ಒಂದು ಪ್ರೇತದ ಸಹವಾಸ ಮಾಡಿದೆನೆಂದರೆ ನೀವು ನಗಬಹುದು. ನಗಿ, ಮೊದಮೊದಲು ನಾನೂ ನಕ್ಕವನೇ.

ನನ್ನದು ದೂರದ ಸವಾರಿಗೆಂದೇ ಹುಟ್ಟಿದ ಮೋಟಾರ್‌ಸೈಕಲ್ಲು. ಅದನ್ನು ಹಲಸೂರಿನ ನಮ್ಮ ಬೀದಿಯಲ್ಲಿ ತಿರುಗಿಸುವುದಕ್ಕಿಂತ ಬೀದಿಯನ್ನೇ ತಿರುಗಿಸುವುದು ಸುಲಭ. ಅದರ ಹ್ಯಾಂಡಲ್ಲು ತಗ್ಗು. ಐವತ್ತು ದಾಟಿದ ನನ್ನ ಬೆನ್ನು ಅದಕ್ಕೆ ಬಾಗಿ ಬಾಗಿ ಸೋತಿತ್ತು. ಗದಗಿನ ಮಗಳಾದ ನನ್ನ ಹೆಂಡತಿ ಶಾಂತಾಳಿಗೆ ಈ ಚಳಿಗಾಲ ಬೈಕಿನ ಮೇಲೆಯೇ ಬಾದಾಮಿಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೆ. ಮದುವೆಯಾದಾಗಿನಿಂದ ಮುಂದೂಡುತ್ತ ಬಂದ ಮಾತು ಅದು; ಇನ್ನೊಮ್ಮೆ ಮುಂದೂಡಿದರೆ ಶರೀರವೇ ಅಡ್ಡ ಬಂದೀತೆಂಬ ಹೆದರಿಕೆ ನನಗಿತ್ತು. ಹೀಗಾಗಿ ಎತ್ತರದ ಹ್ಯಾಂಡಲ್ಲೊಂದನ್ನು ಅರಸುತ್ತ ಶಿವಾಜಿನಗರದ ಗುಜರಿ ಬೀದಿಗೆ ಹೋದೆ.

ಅಲ್ಲಿ ನಜೀರ್ ಸಾಹೇಬರ ಅಂಗಡಿ. ಕತ್ತಲೆಯ ಗೂಡಿನಂಥ ಆ ಜಾಗದ ಛಾವಣಿಯಿಂದ ಹ್ಯಾಂಡಲ್ಲುಗಳು ಕೊಂಬುಗಳ ಹಾಗೆ ನೇತಾಡುತ್ತಿದ್ದವು. ಸಾಹೇಬರು ಕೋಲಿನಿಂದ ಒಂದನ್ನು ಇಳಿಸಿ, ಬಟ್ಟೆಯಿಂದ ಒರೆಸಿ, "ಸಿಂಗಲ್ ಹ್ಯಾಂಡ್ ಮಾಲು ಸಾಬ್, ಕಣ್ಮುಚ್ಕೊಂಡು ತಗೊಳ್ಳಿ" ಎಂದರು. ನಾನು ಕಣ್ಣು ಮುಚ್ಚಿಕೊಂಡೇ ಕೊಂಡೆನೆಂದು ಕಾಣುತ್ತದೆ. ಯಾಕೆಂದರೆ ಹಲಸೂರಿನ ಮೆಕ್ಯಾನಿಕ್ ಸೆಲ್ವಂ ಅದನ್ನು ಕೂರಿಸಿ, ಕ್ಲಚ್ಚಿನ ತಂತಿಗೆ ಉದ್ದ ಸಾಲದೆ ಬೇರೆಯದನ್ನು ಹಾಕಿ, ಕೊನೆಗೆ ಹಿಡಿಕೆಗಳನ್ನು ಸವರುತ್ತ "ಸಾರ್, ಬಲಗಡೆ ಗ್ರಿಪ್ ಪೂರಾ ಸವೆದೋಗಿದೆ. ಎಡಗಡೆದು ಯಾರೂ ಹಿಡ್ದೇ ಇಲ್ಲ ನೋಡಿ" ಎಂದಾಗಲೇ ನಾನು ಅದನ್ನು ಸರಿಯಾಗಿ ನೋಡಿದ್ದು. ನಿಜ. ಬಲಗಡೆಯ ರಬ್ಬರು ಯಾರದೋ ಅಂಗೈಗೆ ಸವೆದು ನುಣುಪಾಗಿತ್ತು. ಎಡಗಡೆಯದರಲ್ಲಿ ಅಚ್ಚಿನ ಗೆರೆ ಕೂಡ ಅಳಿಸಿರಲಿಲ್ಲ.

ಸಿಂಗಲ್ ಹ್ಯಾಂಡ್! ನನ್ನ ತಲೆಯೊಳಗೆ ಆ ಎರಡು ಶಬ್ದಗಳು ಆ ಗಳಿಗೆಯಲ್ಲಿ ಅರ್ಥ ಬದಲಿಸಿಕೊಂಡವು. ಒಂದೇ ಕೈಯವನ ಮಾಲು. ಎಡಗೈ ಇಲ್ಲದವನು ಕ್ಲಚ್ಚನ್ನು ಹೇಗೆ ಹಿಡಿದಾನೆಂದು ವಿವೇಕ ಕೇಳಿತು. ಆದರೆ ವಿವೇಕದ ಪ್ರಶ್ನೆಗಳು ಹೆದರಿಕೆಯನ್ನು ಇಳಿಸುವ ಬದಲು ಹೆಚ್ಚಿಸುವುದೂ ಉಂಟು. ಹೇಗೆ ಹಿಡಿದಾನು ಎಂಬುದೇ ಅಲ್ಲವೇ ಭಯಪಡಬೇಕಾದ ಸಂಗತಿ?

ಮೊದಲ ಭಾನುವಾರದ ಬೆಳಿಗ್ಗೆ ಹಳೇ ಮದ್ರಾಸ್ ರಸ್ತೆಯಲ್ಲಿ ಒಬ್ಬನೇ ಹೊರಟೆ. ಬೆನ್ನು ನೆಟ್ಟಗಿತ್ತು, ಬಿಸಿಲು ಎಳೆಯದಿತ್ತು. ಬೈಯಪ್ಪನಹಳ್ಳಿ ದಾಟುತ್ತಿದ್ದಂತೆ ಯಾರೋ ನನ್ನ ಎಡಗೈಯ ಕಿರುಬೆರಳನ್ನು ಹಿಡಿಕೆಯಿಂದ ಮೆಲ್ಲಗೆ ಎತ್ತಿದರು. ಎಳೆಯಲಿಲ್ಲ, ಚಿವುಟಲಿಲ್ಲ, ಬಸ್ಸಿನಲ್ಲಿ 'ಸ್ವಲ್ಪ ಸರೀತೀರಾ' ಎನ್ನುವವರ ಸೌಜನ್ಯದಿಂದ ಎತ್ತಿದರು. ಆಮೇಲೆ ಉಂಗುರದ ಬೆರಳು. ಆ ಎರಡು ಬೆರಳು ಬಿಟ್ಟ ಜಾಗದಲ್ಲಿ ತಣ್ಣಗಿನದೊಂದು ಬಂದು ಕೂತಿತು. ಗಾಡಿ ನಿಲ್ಲಿಸಿ ಕೈ ಕೊಡವಿಕೊಂಡೆ. ಬಿಸಿಲಿನಲ್ಲಿ ನಿಂತ ಗಾಡಿಯ ಬಲ ಹಿಡಿಕೆಯನ್ನು ಬಲಗೈಯಿಂದ ಮುಟ್ಟಿದರೆ ಬೆಚ್ಚಗಿತ್ತು, ಎಡ ಹಿಡಿಕೆಯನ್ನು ಎಡಗೈಯಿಂದ ಮುಟ್ಟಿದರೆ ಮಣ್ಣಿನಡಿಯ ಕಲ್ಲಿನಷ್ಟು ತಣ್ಣಗಿತ್ತು. ಕೈ ಅದಲುಬದಲು ಮಾಡಿ ಮುಟ್ಟಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಮುಂದಿನ ಭಾನುವಾರಗಳಲ್ಲೂ ಅವನು ಬಂದ. 'ಅವನು' ಎಂದೇ ಕರೆಯತೊಡಗಿದ್ದೆ. ಕೈ ಕಳೆದುಕೊಂಡವನು ತನ್ನದನ್ನು ನನ್ನ ತೋಳಿನ ತುದಿಯಲ್ಲಿ ಹುಡುಕುತ್ತಿದ್ದಾನೆ, ದಿನಕ್ಕೊಂದಿಷ್ಟು ಬಿಡಿಸಿಕೊಳ್ಳುತ್ತಿದ್ದಾನೆ ಎಂದು ನನಗೆ ದೃಢವಾಗುತ್ತ ಬಂತು. ಕೈಗುಣ, ಕೈವಾಡ, ಕೈಚಳಕಗಳ ಬಗ್ಗೆ ಲಘುವಾಗಿ ಮಾತಾಡುತ್ತಿದ್ದ ನಾನು ಎಡಗೈಯನ್ನು ಜೇಬಿನಲ್ಲಿ ಬಚ್ಚಿಟ್ಟು ತಿರುಗಿದೆ. ಶಾಂತಾಳ ಮುಂದೆ ತಮಾಷೆಯ ಧಾಟಿಯಲ್ಲಿ ಪ್ರಸ್ತಾಪಿಸಿದರೆ, "ಕ್ಲಚ್ ದೆವ್ವ ಹಿಡೀಲಿ, ಗೇರ್ ನೀವ್ ಹಾಕ್ರಿ. ಇಬ್ರೂ ಸೇರಿ ನನ್ನ ಬಾದಾಮಿಗೆ ಮುಟ್ಟಸ್ರಿ" ಎಂದು ನಕ್ಕಳು. ನಗುವಾಗ ಅವಳು ನನ್ನ ಮುಖ ನೋಡಲಿಲ್ಲ, ಕೈಯನ್ನು ನೋಡುತ್ತಿದ್ದಳು. ನಾನು ಅವಳನ್ನು ಹಿಂದೆ ಕೂರಿಸಿಕೊಳ್ಳುವುದನ್ನು ನೆಪ ಹೇಳಿ ತಪ್ಪಿಸುತ್ತ ಬಂದೆ. ನನ್ನ ಕೈ ಅವನದಾದರೆ ಬೆನ್ನ ಹಿಂದೆ ಕೂತವಳ ಗತಿಯೇನು?

ಕಡೆಗೆ ತಡೆಯಲಾರದೆ ನಜೀರ್ ಸಾಹೇಬರ ಬಳಿ ಹೋಗಿ, ಆ ಒಂಟಿಗೈಯವರು ಯಾರು, ಈಗ ಇದ್ದಾರೋ ಇಲ್ಲವೋ ಎಂದು ಕೇಳಿದೆ. "ಅರೆ ಸಾಬ್, ಸಿಂಗಲ್ ಹ್ಯಾಂಡ್ ಅಂದ್ರೆ ಒಬ್ರೇ ಓನರ್! ಅವ್ರಿಗೆ ಎರಡೂ ಕೈ ಚೆನ್ನಾಗೈತೆ, ಹೋದ ಜುಮ್ಮಾ ದಿನ ಸಿಕ್ಕಿದ್ರು. ಎಡಗಡೆ ಗ್ರಿಪ್ ಹರಿದಿತ್ತು, ನಾನೇ ಹೊಸದು ತೂರಿಸ್ದೆ" ಎಂದರು. ನಾಚಿಕೆಯಿಂದ ನನಗೆ ಬೆವರೊಡೆಯಿತು, ಜೊತೆಗೆ ಹೇಳತೀರದ ನಿರಾಳ. ಆದರೂ ಅನುಮಾನದ ಬೇರನ್ನೇ ಕಿತ್ತುಬಿಡೋಣವೆಂದು ಅದೇ ವಾರ ಹೊಚ್ಚಹೊಸ ಹ್ಯಾಂಡಲ್ಲು, ಹೊಚ್ಚಹೊಸ ಗ್ರಿಪ್ಪುಗಳನ್ನು ತರಿಸಿ ಸೆಲ್ವಂನಿಂದ ಹಾಕಿಸಿದೆ. ಯಾರ ಕೈಯೂ ಸೋಕದ ಸರಕು.

ಆ ಭಾನುವಾರ ಶಾಂತಾಳನ್ನು ಕೂರಿಸಿಕೊಂಡೇ ಹೊರಟೆ, ಬಾದಾಮಿಗೆ ತಾಲೀಮೆಂದು. ಅವಳು ಹಾಡು ಗುನುಗುತ್ತಿದ್ದುದು ಹೆಲ್ಮೆಟ್ಟಿನೊಳಕ್ಕೂ ಕೇಳಿಸುತ್ತಿತ್ತು. ಬೈಯಪ್ಪನಹಳ್ಳಿ ದಾಟಿತು, ಏನೂ ಆಗಲಿಲ್ಲ. ಕೆ.ಆರ್. ಪುರದ ತೂಗುಸೇತುವೆ ಕಾಣುವಾಗ, ಹೊಸ ರಬ್ಬರಿನ ವಾಸನೆ ಇನ್ನೂ ಮೂಗಿನಲ್ಲಿರುವಾಗಲೇ, ಕಿರುಬೆರಳನ್ನು ಯಾರೋ ಎತ್ತಿದರು. ಆಮೇಲೆ ಉಂಗುರದ ಬೆರಳು. ಈಗ ದೂರಲು ಯಾರೂ ಉಳಿದಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಭಯ ನನಗೆಂದೂ ಆಗಿಲ್ಲ. ಹಳೆಯ ಹ್ಯಾಂಡಲ್ಲಿನ ಜೊತೆ ಪ್ರೇತವೂ ಗುಜರಿಗೆ ಹೋದ ಮೇಲೆ ನನ್ನ ಕೈ ಹಿಡಿದವರು ಯಾರು? ಬ್ರೇಕು ಹಾಕಿ ಕ್ಲಚ್ಚು ಒತ್ತಬೇಕೆಂದುಕೊಂಡೆ, ಒತ್ತಿದೆನೆಂದೇ ತಿಳಿದೆ. ಗಾಡಿ ಮುಗ್ಗರಿಸಿ ನಿಂತಿತು, ಶಾಂತಾಳ ಹೆಲ್ಮೆಟ್ಟು ನನ್ನದಕ್ಕೆ ಬಡಿಯಿತು, ಹಿಂದಿನ ಲಾರಿ ಹಾರನ್ ಹೊಡೆಯುತ್ತ ನಮ್ಮನ್ನು ಸವರಿಕೊಂಡು ಹೋಯಿತು.

ಇಬ್ಬರೂ ಗಾಡಿಯನ್ನು ಪಕ್ಕಕ್ಕೆ ತಳ್ಳಿದೆವು. ಪ್ರೇತದ ಪುರಾಣವನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. "ಭಾಳ ದಿವಸದಿಂದ ನೋಡಾಕತ್ತೀನ್ರಿ. ಚಹಾದ ಕಪ್ ಬಲಗೈಗೆ ಬದಲ್ ಮಾಡ್ತೀರಿ. ಅಂಗಿ ಗುಂಡಿ ಹಾಕ್ಕೊಳ್ಳಾಕ ಹೊತ್ತ ತಗೋತೀರಿ. ಆ ಹ್ಯಾಂಡಲ್ ಬರೋಕಿಂತ ಮೊದಲಿಂದ" ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರ ಬಾದಾಮಿ ತಪ್ತದ ಅಂತ ಸುಮ್ನಿದ್ದೆ" ಎಂದು ಮುಖ ಆಚೆ ತಿರುಗಿಸಿದಳು.

ನರ ಮೊಣಕೈಯಲ್ಲಿ ಒತ್ತಿಕೊಂಡಿದೆ, ಬೆರಳುಗಳ ಸ್ಪರ್ಶವೂ ಬಲವೂ ಎಷ್ಟು ವಾಪಸು ಬರುತ್ತದೆಂದು ಹೇಳಲಾರೆ ಎಂದು ಡಾಕ್ಟರು ಹೇಳಿದ್ದು ಆಮೇಲಿನ ಮಾತು. ಆ ದಿನ ನಮಗೆ ಏನೂ ಗೊತ್ತಿರಲಿಲ್ಲ. ಗಾಡಿಯನ್ನು ಹತ್ತಿರದ ಗ್ಯಾರೇಜಿನಲ್ಲಿ ಬಿಟ್ಟು, ಹೆಲ್ಮೆಟ್ಟುಗಳನ್ನು ಹಿಡಿದುಕೊಂಡು, ಮನೆಗೆ ಮೆಟ್ರೋ ಹತ್ತಿದೆವು. ಕೂರಲು ಜಾಗವಿರಲಿಲ್ಲ. ಹಟಕ್ಕೆ ಬಿದ್ದು ಎಡಗೈಯಿಂದಲೇ ಕಂಬವನ್ನು ಭದ್ರವಾಗಿ ಹಿಡಿದು ನಿಂತೆ. ರೈಲು ತಿರುವಿನಲ್ಲಿ ವಾಲಿತು.

"ಹಿಡಕೊಂಡೀನಿ ಅಂತ ತಿಳಕೊಂಡೀರೇನ್ರೀ?" ಶಾಂತಾ ಮೆಲ್ಲಗೆ ಕೇಳಿದಳು.

"ಹಿಡ್ಕೊಂಡಿದ್ದೀನಲ್ಲ."

"ನೋಡ್ರಿ."

ನೋಡಿದೆ. ಕಿರುಬೆರಳೂ ಉಂಗುರದ ಬೆರಳೂ ಕಂಬವನ್ನು ಬಿಟ್ಟು ಗಾಳಿಯಲ್ಲಿ ಅರ್ಧ ತೆರೆದು ನಿಂತಿದ್ದವು. ಅವು ನನ್ನವೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಶಾಂತಾ ತನ್ನ ಹೆಲ್ಮೆಟ್ಟನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೈ ಎತ್ತಿ, ಆ ಎರಡು ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ತೆಗೆದುಕೊಂಡಳು. ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಾಳೆಂಬುದು ಅವಳ ಗೆಣ್ಣುಗಳು ಬೆಳ್ಳಗಾದದ್ದನ್ನು ನೋಡಿ ನನಗೆ ತಿಳಿಯಿತು.