ತೊಂಬತ್ತು ದಿನದ ಟೋಕನ್

ಆಫೀಸಿನಲ್ಲಿ ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಬಸ್ಸುಗಳ ವೇಳೆ ಬದಲಾದಾಗಲೆಲ್ಲ ಅದನ್ನು ನಿಲ್ದಾಣಗಳ ಫಲಕಗಳಿಗೆ ಕಳಿಸುವುದು ಅವನ ಕೆಲಸ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಟೈಪ್ ಮಾಡಿದರೆ ಮುಗಿಯಿತು. ಆದರೆ ಆ ಆಜ್ಞೆ ನಡೆಯಲು ಒಂದು ಟೋಕನ್ ಬೇಕು, ಅಂದರೆ ಅನುಮತಿ. ಅದರ ಆಯಸ್ಸು ತೊಂಬತ್ತು ದಿನ. ಅಷ್ಟರೊಳಗೆ ನವೀಕರಿಸಿದರೆ ಯಾರ ಹಂಗೂ ಇಲ್ಲ. ಗಡುವು ಮೀರಿದರೆ ಮಾತ್ರ, ಅದು ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೆ ಆರು ಅಂಕಿಗಳು ಹೋಗುತ್ತವೆ. ಅವರು ಹೇಳಬೇಕು, ಇವನು ಒತ್ತಬೇಕು.

ಟೋಕನ್ ಇದ್ದದ್ದು ಅವಳ ಹೆಸರಿನಲ್ಲಿ. ಎಂಟು ವರ್ಷ ಅದೇ ಕೋಣೆಯಲ್ಲಿ ಅವನ ಬೆನ್ನಿಗೆ ಬೆನ್ನು ಮಾಡಿ ಕೂತು ಕೆಲಸ ಮಾಡಿದವಳು. ಅಕ್ಕ ತೀರಿಕೊಂಡಾಗ, ಅಕ್ಕನ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬೇರೆ ಊರಿಗೆ ಹೊರಟುಹೋದಳು. ಹೊರಡುವ ದಿನ ಅವನು ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಹೇಳಿದ್ದು, "ಚಾರ್ಜರ್ ಮರೀಬೇಡ." ಇಂಥ ಗಂಡಸನ್ನು ಏನೆಂದು ಬಯ್ಯುವುದು?

ಮೂರು ವರ್ಷ ಅವನು ಒಮ್ಮೆಯೂ ಗಡುವು ತಪ್ಪಿಸಲಿಲ್ಲ. ಮಕ್ಕಳ ಜತೆ ಹೆಣಗುತ್ತಿರುವವಳಿಗೆ ಯಾಕೆ ತೊಂದರೆ ಎಂದು ಎಂಬತ್ತೊಂಬತ್ತನೇ ದಿನವೇ ನವೀಕರಿಸಿಬಿಡುತ್ತಿದ್ದ. ಇದೊಂದು ಸಲ ಬಿಟ್ಟುಬಿಡು, ಅವಳ ದನಿಯಾದರೂ ಕೇಳಬಹುದು ಎಂದು ಮನಸ್ಸು ಪ್ರತಿ ಸಲ ಗೋಗರೆಯುತ್ತಿತ್ತು. ಅವಳಿಲ್ಲದೆ ಅವನಿಗೆ ಯಾವುದೂ ಸೇರುತ್ತಿರಲಿಲ್ಲ. ಅಷ್ಟೇ ವಿಷಯ.

ಒಂದು ಸೋಮವಾರ ಮೇಲಧಿಕಾರಿ ಬಂದು, "ಕೆಲಸ ಬಿಟ್ಟವರ ಹೆಸರಲ್ಲಿ ಇನ್ನು ಏನೂ ಇರಬಾರದು. ಈ ವಾರದೊಳಗೆ ನಿನ್ನ ಹೆಸರಿಗೆ ಮಾಡ್ಕೋ" ಎಂದ. ಫೋನ್ ಮಾಡಲು ಇದ್ದ ಒಂದೇ ಒಂದು ನೆಪವೂ ಹೋಗುವುದರಲ್ಲಿತ್ತು. ಗುರುವಾರ ತೊಂಬತ್ತನೇ ದಿನ. ಅವನು ಕೈಕಟ್ಟಿ ಕೂತ. ಶುಕ್ರವಾರ ಬೆಳಿಗ್ಗೆ ಪರದೆ, ಅವಧಿ ಮುಗಿದಿದೆ ಎಂದಿತು. ಅವಳಿಗೆ ಫೋನ್ ಮಾಡಿದ.

ಅವಳು ಹಲೋ ಕೂಡ ಅನ್ನಲಿಲ್ಲ. "ಏನಾಯ್ತು ನಿಂಗೆ? ಹುಷಾರಾಗಿದ್ದೀಯ ತಾನೇ?"

"ಟೋಕನ್ ಮುಗಿದುಹೋಯ್ತು. ಮರೆತುಬಿಟ್ಟೆ."

"ನೀನು ಮರೆಯೋದಾ? ನೀನು ನವೀಕರಿಸಿದಾಗೆಲ್ಲ ನನ್ನ ಫೋನಿಗೆ ಮೆಸೇಜ್ ಬರುತ್ತೆ ಕಣೋ. ಸದ್ಯ, ಚೆನ್ನಾಗಿದ್ದಾನೆ ಅಂದ್ಕೊಳ್ತೀನಿ. ಮೊನ್ನೆ ಬರಬೇಕಿತ್ತು, ಬರಲಿಲ್ಲ. ಎರಡು ದಿನದಿಂದ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀನಿ."

ಕೊರಗುತ್ತಿದ್ದವನು ತಾನೊಬ್ಬನೇ ಎಂದು ತಿಳಿದಿದ್ದ, ಪೆದ್ದ. ಅವಳು ಆರು ಅಂಕಿಗಳನ್ನು ನಿಧಾನವಾಗಿ ಓದಿ ಹೇಳಿದಳು. ಅವನು ಒಂದೊಂದಾಗಿ ಒತ್ತಿದ.

"ಇನ್ನು ನನ್ನ ಹೆಸರಿಗೆ ಮಾಡ್ಕೋಬೇಕಂತೆ," ಎಂದ. "ನಿಂಗೆ ಮೆಸೇಜ್ ಬರಲ್ಲ."

ಗಲಾಟೆ ಮಾಡುತ್ತಿದ್ದ ಮಕ್ಕಳನ್ನು ಅವಳು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

"ನಾನು ಮರೆತಿರಲಿಲ್ಲ," ಎಂದ ಅವನು. "ಬೇಕಂತಲೇ ಬಿಟ್ಟೆ. ನಿನ್ನ ಹತ್ರ ಮಾತಾಡಬೇಕಿತ್ತು."

"ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತಾ ನಿಂಗೆ?" ಎಂದಳು. ಅವಳು ಅಳುತ್ತಿದ್ದಳು.