ಜುಟ್ಟಿನ ಕಾಯಿ ತರಲು ಹೋದ ದಿನ

ಅಮೆರಿಕದ ಮಿಶಿಗನ್ನಿನ ಆನ್ ಆರ್ಬರ್ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನಮ್ಮವರಿಗೆ ಆ ಮಾರ್ಚಿನಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ಒಂದು ಕಾನ್ಫರೆನ್ಸ್ ಇತ್ತು. ಏಳು ತಿಂಗಳ ಬಸುರಿ ನಾನು, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ, ಇಬ್ಬರೂ ಜೊತೆಗೆ ಹೊರಟೆವು. ಸಮುದ್ರದ ಪಕ್ಕದ ಹೋಟೆಲಿನಲ್ಲಿ ಇಳಿದ ಮರುದಿನ ಬೆಳಿಗ್ಗೆ ನಮ್ಮವರು ರಾಜಧಾನಿ ಸಾನ್ ಹುವಾನಿನ ಮ್ಯಾಪ್ ಬಿಡಿಸಿ, ಹಳೆಯ ಕೋಟೆಯ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದರು.

"ಮೂವತ್ತು ಮೈಲಿ, ಬಸ್ ಇದೆ. ಏನ್ ಬಿಟ್ರೂ ಕೋಟೆ ಮಾತ್ರ ಮಿಸ್ ಮಾಡ್ಬೇಡಿ," ಎಂದು ಅಪ್ಪಣೆ ಕೊಟ್ಟು ತಮ್ಮ ಸಭೆಗೆ ಹೋದರು.

ಅಮ್ಮನಿಗೆ ಕೋಟೆ ಬೇಕಿರಲಿಲ್ಲ, ಜುಟ್ಟಿರುವ ತೆಂಗಿನಕಾಯಿ ಬೇಕಿತ್ತು. ಏಳನೇ ತಿಂಗಳು ಮುಗಿಯಲು ಆರು ದಿನ ಉಳಿದಿತ್ತು, ಅಷ್ಟರೊಳಗೆ ನನ್ನ ಮಡಿಲು ತುಂಬಬೇಕು. ಮಿಶಿಗನ್ನಿನ ಅಂಗಡಿಯ ಕಾಯಿಗಳೋ ನುಣ್ಣಗೆ ಬೋಳಿಸಿದವು, ಅಲ್ಲಾಡಿಸಿದರೆ ನೀರಿನ ಸದ್ದೂ ಇಲ್ಲ. ಮೇಲಾಗಿ ಐದು ಜನ ಮುತ್ತೈದೆಯರು ಬೇಕು. ಆನ್ ಆರ್ಬರಿನಲ್ಲಿದ್ದವರು ಇಬ್ಬರು, ಉಳಿದವರು ಡೆಟ್ರಾಯಿಟ್ ಕಡೆಯಿಂದ ಬರಬೇಕು. ಹಿಂದಿನ ಭಾನುವಾರ ಹಿಮ ಬಿದ್ದು ಹೈವೇ ಮುಚ್ಚಿತು. ಅಷ್ಟು ಜನಕ್ಕೆ ಮಾಡಿದ್ದ ಕೋಸಂಬರಿಯನ್ನು ನಾವು ಮೂವರೇ ಮೂರು ದಿನ ತಿಂದೆವು.

"ನೀನೇ ತುಂಬಮ್ಮ," ಅಂದಿದ್ದೆ.

ಅಪ್ಪ ಹೋಗಿ ಎರಡು ವರ್ಷವಾಗಿತ್ತು. "ನಾನು ಮುಟ್ಟಬಾರ್ದು ಕಣೆ. ದೂರ ಕೂತ್ಕೊಂಡು ನೋಡ್ತೀನಿ," ಅಂದಳು.

ಹೆತ್ತವಳೇ ಮುಟ್ಟಬಾರದ ಶಾಸ್ತ್ರ ಎಂಥ ಶಾಸ್ತ್ರ ಎಂದು ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಆ ಚಳಿಯಲ್ಲಿ ಮಾತಿಗೆ ಬೇರೆ ಯಾರೂ ಸಿಗದೆ ಮೂರನೇ ದಿನ ನಾನೇ ಸೋತೆ.

ಸಾನ್ ಹುವಾನಿನ ಬಸ್ಸು ಹತ್ತಿದ್ದೇ ಅಮ್ಮ ಬೇರೆಯೇ ಹೆಂಗಸಾದಳು. ಸುತ್ತ ನಮ್ಮ ಮೈಬಣ್ಣದ, ಗಟ್ಟಿಯಾಗಿ ಮಾತಾಡುವ ಜನ. ಅವರು ಸ್ಪ್ಯಾನಿಷಿನಲ್ಲಿ ಕೇಳಿದ್ದಕ್ಕೆಲ್ಲ ಅಮ್ಮ ಕನ್ನಡದಲ್ಲಿ ಉತ್ತರ ಕೊಟ್ಟಳು. ಮೈಸೂರಿನ ನಮ್ಮ ಮನೆಯ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೂ ಹೇಳಿದಳು. ಅವರು ತಲೆದೂಗಿದರು.

ಸಾನ್ ಹುವಾನಿನ ಮಾರ್ಕೆಟ್ಟಿನಲ್ಲಿ ಕಾಯಿಯೇನೋ ರಾಶಿ ಬಿದ್ದಿತ್ತು. ಆದರೆ ವ್ಯಾಪಾರಿ ಸುಲಿಯುವಾಗ ಜುಟ್ಟನ್ನೂ ಸೇರಿಸಿ ಕಿತ್ತು ಎಸೆಯುತ್ತಿದ್ದ. ಅಮ್ಮ ತನ್ನ ನೆತ್ತಿಯ ಮೇಲೆ ಐದು ಬೆರಳು ಕೂಡಿಸಿ ಜುಟ್ಟು ತೋರಿಸಿದಳು. ಅವನು ಪಕ್ಕದ ಅಂಗಡಿಯಿಂದ ಹುಲ್ಲಿನ ಟೋಪಿ ತಂದು ಅವಳ ತಲೆಗೆ ಇಟ್ಟ. ಕೊನೆಗೆ ಅಮ್ಮ ಸುಲಿಯದ ಕಾಯೊಂದನ್ನು ಹಿಡಿದು, ಎಲ್ಲಿ ಕೊಯ್ಯಬೇಕು, ಎಲ್ಲಿ ಬಿಡಬೇಕು ಎಂದು ಬೆರಳಿಟ್ಟು ತೋರಿಸಿದಳು. ಅವನು ಮುಗಿಸಿ, ಕ್ಷೌರದವನ ಹಾಗೆ ಕಾಯನ್ನು ಆಚೆ ಈಚೆ ತಿರುಗಿಸಿ ಒಪ್ಪಿಗೆ ಕೇಳಿದ. ಇಷ್ಟರಲ್ಲಿ ಮೂರು ಗಂಟೆಯಾಗಿ, ನನ್ನ ಕಾಲು ಊದಿ, ಕೋಟೆಯ ಮಾತು ಇಬ್ಬರೂ ಎತ್ತಲಿಲ್ಲ.

ವಾಪಸ್ ಬಸ್ಸಿನಲ್ಲಿ ನನ್ನ ಪಕ್ಕ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಕೂತಿದ್ದಳು, ಅಮ್ಮ ಆಚೆ ಸಾಲಿನ ಪಕ್ಕದ ಸೀಟಿನಲ್ಲಿ. ಮುದುಕಿ ನನ್ನ ಹೊಟ್ಟೆ ನೋಡಿ ಕೈಯಲ್ಲೇ ಎಷ್ಟು ತಿಂಗಳೆಂದು ಕೇಳಿದಳು, ನಾನು ಏಳು ಬೆರಳು ತೋರಿಸಿದೆ. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ವಾಲಿತು. ಅಮ್ಮನ ಚೀಲದಿಂದ ಕಾಯಿ ಹಾರಿ, ಸೀಟುಗಳ ಕೆಳಗೆ ಉರುಳುತ್ತ ಡ್ರೈವರನ ತನಕ ಹೋಯಿತು. "ಅಯ್ಯೋ, ಜುಟ್ಟು ಹಿಡ್ಕೋಬೇಡಿ," ಎಂದು ಅಮ್ಮ ಕನ್ನಡದಲ್ಲೇ ಇಡೀ ಬಸ್ಸಿಗೆ ಎಚ್ಚರಿಕೆ ಕೊಟ್ಟಳು. ಯಾರೋ ಹೆಕ್ಕಿಕೊಟ್ಟ ಕಾಯಿ ಕೈಯಿಂದ ಕೈಗೆ ಹಿಂದೆ ಬಂದು ಮುದುಕಿಯ ಕೈ ಸೇರಿತು. ಅವಳು ಅದನ್ನು ಅಮ್ಮನಿಗೆ ಕೊಡದೆ ನನ್ನ ಸೆರಗಿನಲ್ಲಿ ಇಟ್ಟಳು. ತನ್ನ ಬುಟ್ಟಿಯಿಂದ ಎರಡು ಬಾಳೆಹಣ್ಣು ತೆಗೆದು ಅದರ ಜೊತೆಗಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು ಏನೋ ಹರಸಿದಳು. ಮುಂದಿನ ಸೀಟಿನ ಹೆಂಗಸು ತಿರುಗಿ ಒಂದು ಕಿತ್ತಳೆ ಹಾಕಿದಳು. ಇನ್ನೊಬ್ಬಳು ಬನ್ನು ಹಾಕಿದಳು.

ಗಂಡ ಸತ್ತವರು ಉಡುವ ಕಪ್ಪೇ ಇದು ಎಂದು ಅಮ್ಮನಿಗೆ ದಿಗಿಲಾಯಿತು. ಅವಳು ಮುದುಕಿಯ ಕಪ್ಪು ಬಟ್ಟೆ ತೋರಿಸಿ, ಆಮೇಲೆ ತನ್ನ ಬರಿ ಹಣೆ ಮುಟ್ಟಿಕೊಂಡಳು. ಮುದುಕಿಗೆ ಅರ್ಥವಾಯಿತು. ಪರ್ಸಿನಿಂದ ಮೀಸೆಯ ಗಂಡಸಿನ ಸಣ್ಣ ಫೋಟೊ ತೆಗೆದು ತೋರಿಸಿ, ಮೇಲಕ್ಕೆ ಕೈ ಎತ್ತಿದಳು.

"ನಮ್ಮೋರೂ ಹಾಗೇ ಹೋದ್ರು ಕಣ್ರೀ. ಊಟ ಮಾಡಿ ಎದ್ದೋರು," ಅಂದಳು ಅಮ್ಮ.

ನನ್ನ ಮುಂದೆ ಅಪ್ಪನ ಸುದ್ದಿ ಎತ್ತದವಳು ಇಲ್ಲಿ ಎತ್ತಿದಳು. ಮುದುಕಿ ಅವಳ ಕೈ ಹಿಡಿದು ಎಳೆದು ನನ್ನ ಮಡಿಲಿನ ಕಾಯಿಯ ಮೇಲೆ ಇಟ್ಟಳು. ಅಮ್ಮ ಹಿಂದಕ್ಕೆ ತೆಗೆಯುತ್ತಾಳೆಂದು ಕಾದೆ. ತೆಗೆಯಲಿಲ್ಲ. ಕಾಯನ್ನು ಎತ್ತಿ, ಜುಟ್ಟು ನನ್ನ ಕಡೆಗೆ ತಿರುಗಿಸಿ ಮತ್ತೆ ಇಟ್ಟಳು. ನನಗೆ ಅಳು ಬಂತು, ಅತ್ತುಬಿಟ್ಟೆ.

ಹೋಟೆಲಿನ ಬಾಗಿಲಲ್ಲಿ ನಮ್ಮವರು ಕಾಯುತ್ತಿದ್ದರು. "ಕೋಟೆ ಹೇಗಿತ್ತು ಅತ್ತೆ?"

"ಕೋಟೆ ನೋಡ್ಲಿಲ್ಲಪ್ಪ. ಮಡಿಲು ತುಂಬೋ ಶಾಸ್ತ್ರ ಆಯ್ತು."

"ಇಲ್ಲಿ ಯಾರು ತುಂಬಿದ್ರು?"

ಅಮ್ಮ ಹುಲ್ಲಿನ ಟೋಪಿ ತೆಗೆದು, ಸೆರಗು ಸರಿಮಾಡಿಕೊಂಡಳು.

"ನಾನೇ," ಅಂದಳು.